ನಿನ್ನೆಯ ಬಿಸಿಲಲ್ಲಿ ಇವತ್ತಿನ ಸ್ನಾನ

ಬೆಳಿಗ್ಗೆ ಆರು ಗಂಟೆ. ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಗೀಸರ್‌ನ ಕೆಂಪು ದೀಪ ಹೊತ್ತಿಕೊಳ್ಳುವ ಹೊತ್ತು. ಬೇಸಿಗೆಯಲ್ಲೂ ನಮಗೆ ತಣ್ಣೀರು ಆಗಿಬರುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಊರು ನೋಡಿ.

ಕಾವೇರಿ ನೀರು ನಮ್ಮ ನಲ್ಲಿಗೆ ಸುಮ್ನೆ ಬರುವುದಿಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಮಾಡಿ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೆಷ್ಟು ಕರೆಂಟ್ ಅಂತ ಒಂದು ದಿನ ಲೆಕ್ಕ ಹಾಕಿದೆ. 1000 ಲೀಟರ್ ನೀರು ಅಷ್ಟು ಮೇಲೇರಲು 1.4 ಯೂನಿಟ್. ಪಂಪು, ಪೈಪುಗಳಲ್ಲಿ ಆಗುವ ನಷ್ಟ ಬೇರೆ. ಆದರೆ 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಕಾಯಿಸಲೇ ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು! ಮೂರು ಬಕೆಟ್ ಕಾಯಿಸುವ ಕರೆಂಟಿನಲ್ಲಿ 50 ಬಕೆಟ್ ನೀರನ್ನು ಮೇಲೆತ್ತಬಹುದು. ನಾನು ಎರಡು ಸಲ ಲೆಕ್ಕ ತಿರುಗಿಸಿ ನೋಡಿದೆ.

ದೇಶದ ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಯೂನಿಟ್ ಒಂದಕ್ಕೆ ಸರಾಸರಿ 0.7 ಕೆ.ಜಿ.ಯಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಇದೆಯಲ್ಲ ಅನ್ನಬಹುದು. ಇದೆ, 2050 ಮೆಗಾವಾಟ್. ಆದರೆ ಬೆಳಿಗ್ಗೆ ಆರಕ್ಕೆ ಅದಿನ್ನೂ ಎದ್ದಿರುವುದಿಲ್ಲ. ಆ ಹೊತ್ತಿಗೆ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು ದುಡಿಯಬೇಕು. ಬಿಲ್ಲಿನಲ್ಲಿ ಬೆಳಗಿನದೂ ಮಧ್ಯಾಹ್ನದ್ದೂ ಒಂದೇ ಯೂನಿಟ್. ಹೊಗೆಯ ಲೆಕ್ಕ ಮಾತ್ರ ಬೇರೆ.

ಅದಕ್ಕೇ ತಾರಸಿ ಮೇಲಿನ ಸೋಲಾರ್ ಹೀಟರ್ ಕಂಡರೆ ನನಗೆ ಗೌರವ. ಬಿಸಿಯಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಮೋಟಾರು ಬೇಡ. ದಪ್ಪ ಹೊದಿಕೆಯ ಆ ಟ್ಯಾಂಕು ನಿನ್ನೆಯ ಬಿಸಿಲನ್ನು ರಾತ್ರಿಯಿಡೀ ಕಾದಿಟ್ಟು ಆರು ಗಂಟೆಗೆ ಸರಿಯಾಗಿ ಕೊಡುತ್ತದೆ. ಬ್ಯಾಟರಿ ಮಾಡುವ ಕೆಲಸವೂ ಇದೇ ಅಲ್ವಾ? ಇದು ಊರೆಲ್ಲ ಹಬ್ಬಿದ್ದು ಭಾಷಣ ಕೇಳಿ ಅಲ್ಲ. ಹೊಸ ಮನೆಗೆ ಸೋಲಾರ್ ಹೀಟರ್ ಇರಲೇಬೇಕು ಎಂಬ ನಿಯಮ ಬಂತು, ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಸಿಕ್ಕಿತು. ಜುಲೈ ತಿಂಗಳ ಮೋಡದಲ್ಲಿ ಮಾತ್ರ ಹೀಟರ್ ಕೈಕೊಡುತ್ತದೆ. ಹೋದ ವರ್ಷ ನಮ್ಮ ಮನೆಯಲ್ಲಿ ಅದರೊಳಗಿನ ಕರೆಂಟ್ ಕಾಯಿಲ್‌ನ ಸ್ವಿಚ್ ಹಾಕಿ ಮೂರು ದಿನ ಮರೆತಿದ್ದೆವು. ಆ ಬಿಲ್ಲಿನ ಮಾತನ್ನು ಅಮ್ಮ ಇನ್ನೂ ಬಿಟ್ಟಿಲ್ಲ.

2050ರ ಹೊತ್ತಿಗೆ ನೆಟ್ ಝೀರೋ, ಅಂದರೆ ಹೊರಬಿಡುವಷ್ಟೇ ಇಂಗಾಲವನ್ನು ಹೀರಿಸಿ ಲೆಕ್ಕ ಸೊನ್ನೆ ಮಾಡುವುದು ಅಂತ ಬೆಂಗಳೂರಿನ ಹವಾಮಾನ ಯೋಜನೆ 2023ರಲ್ಲಿ ಗುರಿ ಹಾಕಿಕೊಂಡಿತು. ದೇಶದ ಗುರಿ 2070. ಈ ನಡುವೆ ಊರು ಅಪಾರ್ಟ್‌ಮೆಂಟಿಗೆ ಹತ್ತಿದೆ. ಇಪ್ಪತ್ತು ಮಹಡಿಗೂ ಸೇರಿ ತಾರಸಿ ಇರುವುದು ಒಂದೇ. ಅಲ್ಲಿ ಗೀಸರ್‌ಗೆ ಟೈಮರ್ ಹಾಕಿ, ಪಾವಗಡದಲ್ಲಿ ಬಿಸಿಲಿರುವಾಗಲೇ ನೀರು ಕಾಯಿಸಿಡಬಹುದು. ಸಂಜೆ ಸ್ನಾನ ಮಾಡುವವರಿಗೆ ಧಾರಾಳ ಸಾಕು. ಬಿಸಿಲಿನ ಹೊತ್ತಿನ ಕರೆಂಟ್ ಅಗ್ಗವಾಗಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿದೆ. ಅದು ಮನೆಮನೆಯ ಬಿಲ್ಲಿನಲ್ಲಿ ಕಂಡರೆ ಟೈಮರ್ ಹಾಕಿಸಿ ಅಂತ ಯಾರೂ ಹೇಳಬೇಕಾಗಿಲ್ಲ. ನಮ್ಮಮ್ಮನೇ ಮೊದಲು ಹಾಕಿಸುತ್ತಾರೆ.