ಮಗುವಿಗೆ ರೇಖಾಗಣಿತವನ್ನು ಮನೆಯಲ್ಲೇ ಆಟದ ಮೂಲಕ ಕಲಿಸೋದು ಹೇಗೆ?

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಚಿತ್ರ ಬಿಡಿಸಲು ಕೂತರೆ ಊಟದ ನೆನಪೂ ಇರುವುದಿಲ್ಲ. ಗಣಿತ ಪುಸ್ತಕದಲ್ಲಿ ತ್ರಿಕೋನ, ಚೌಕ ಬಂದರೆ ಮಾತ್ರ ಮುಖ ಸಪ್ಪೆ. ಮನೆಯಲ್ಲಿ ಏನಾದರೂ ಮಾಡಿಸಬಹುದಾ?

ಉತ್ತರ: ಖಂಡಿತ, ಅದಕ್ಕೆ ದುಬಾರಿ ಕಿಟ್ ಏನೂ ಬೇಡ. ಅಳತೆ ತಪ್ಪಿದರೆ ಕೆಡುವಂಥ ಕೆಲಸ ಕೊಡಿ, ಅಷ್ಟೇ. ಬಣ್ಣದ ಕಾರ್ಡು ಹಿಡಿದು "ಇದು ಯಾವ ಆಕೃತಿ ಹೇಳು" ಅಂತ ಕೇಳಿದರೆ ಅದೂ ಪರೀಕ್ಷೆಯೇ ಆಯ್ತಲ್ವಾ?

ರಂಗೋಲಿಯಿಂದ ಶುರು ಮಾಡಿ. ಮಳೆಗಾಲದಲ್ಲಿ ಅಂಗಳ ಬಿಟ್ಟು ಚಾವಡಿಯ ನೆಲ, ಒಂದು ಚಾಕ್‌ಪೀಸ್ ಸಾಕು. 7ರಿಂದ 4ಕ್ಕೆ ಸಂದು ಚುಕ್ಕಿ ಇಡಲಿ, ಅಂದರೆ ನಡುವಿನ ಸಾಲಲ್ಲಿ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಹೊರಗಿನವನ್ನು ಸೇರಿಸಿದರೆ ಷಡ್ಭುಜ. ತಮಾಷೆ ಇರುವುದು ಇಲ್ಲಿ. ಚುಕ್ಕಿಗಳ ನಡುವೆ 4 ಸೆಂ.ಮೀ. ಬಿಟ್ಟ ಮಗು ಸಾಲುಗಳ ನಡುವೆಯೂ 4 ಬಿಡುತ್ತದೆ, ಆಮೇಲೆ ಆರು ಎಸಳಿನ ಹೂ ಬಿಡಿಸಿದರೆ ಅಡ್ಡ ಇರುವ ಎರಡು ಎಸಳು ಗಿಡ್ಡ, ಓರೆ ಇರುವ ನಾಲ್ಕು ಉದ್ದ. ನೀವು ಏನೂ ಹೇಳಬೇಡಿ. ಸ್ಕೇಲ್ ಕೊಟ್ಟು ಸುಮ್ನೆ ಕೂತಿರಿ. ಸಾಲಿನ ಅಂತರ ಸುಮಾರು ಮೂರೂವರೆಗೆ ಇಳಿದಾಗ ಹೂ ಸರಿಯಾಗುತ್ತದೆ, ಅಕ್ಕಪಕ್ಕದ ಮೂರು ಚುಕ್ಕಿ ಸೇರಿಸಿದರೆ ಮೂರು ಬದಿಯೂ 4. ಪುಸ್ತಕದ ಸಮಬಾಹು ತ್ರಿಕೋನ ಇದೇ. ಒಂದು ಚುಕ್ಕಿಯ ಸುತ್ತ ಅಂಥವು ಆರು ಕೂರುತ್ತವೆ. ಪೂರ್ತಿ ಸುತ್ತು 360 ಡಿಗ್ರಿ, ಒಂದೊಂದರ ಪಾಲಿಗೆ 60. ಅಜ್ಜಿ ಮನೆಯಲ್ಲಿದ್ದರೆ ಕಲಿಸೋದನ್ನು ಅವರಿಗೇ ಬಿಡಿ, ಅವರಿಗೆ ಸ್ಕೇಲೂ ಬೇಡ.

ಚುಕ್ಕಿ ಸುತ್ತಿ ಬರುವ ಎಳೆ ರಂಗೋಲಿ ರೂಢಿಯಾದ ಮೇಲೆ ಒಂದು ಭಾನುವಾರ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ ಬನ್ನಿ. 1430ರ ಆ ಬಸದಿಯ ಕಂಬಗಳಲ್ಲಿ ಹೆಣೆದ ಗಂಟುಗಳ ಕೆತ್ತನೆ ಇದೆ. ಒಂದೇ ಎಳೆಯನ್ನು ಕಣ್ಣಲ್ಲೇ ಹಿಂಬಾಲಿಸಲಿ. (ಚೆನ್ನೆಮಣೆ ಆಡಿಸಿದರೆ ಆಗದಾ ಅಂತ ಕೆಲವರು ಕೇಳುತ್ತಾರೆ. ಚೆನ್ನಾಗಿದೆ, ಆದರೆ ಅದು ಎಣಿಕೆಯ ಆಟ.)

ನನ್ನ ಇಷ್ಟದ್ದು ಗೂಡುದೀಪ. ದೀಪಾವಳಿಗೆ ಪ್ಲಾಸ್ಟಿಕ್ಕಿನದು ತರುವ ಬದಲು ಹಿಡಿಸೂಡಿಯ (ತೆಂಗಿನ ಕಡ್ಡಿಯ ಪೊರಕೆ) ದಪ್ಪ ಕಡ್ಡಿಗಳನ್ನು 10 ಸೆಂ.ಮೀ.ಗೆ ಕತ್ತರಿಸಿ, 24 ತುಂಡುಗಳನ್ನು ದಾರದಲ್ಲಿ ಕಟ್ಟಿ. 6 ಚೌಕ, 8 ತ್ರಿಕೋನ, 12 ಮೂಲೆ. ಪ್ರತಿ ಮೂಲೆಯಲ್ಲಿ 4 ಕಡ್ಡಿ ಸೇರುತ್ತವೆ, ಸುತ್ತಲೂ ಚೌಕ, ತ್ರಿಕೋನ, ಚೌಕ, ತ್ರಿಕೋನ. ಕಟ್ಟಿ ನಿಲ್ಲಿಸಿದರೆ ಸೊಟ್ಟಗೆ ವಾಲುತ್ತದೆ. ಮಗು ಗಂಟಿಗೆ ಬೈದು ಇನ್ನೂ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ವಾಲುತ್ತದೆ! ಆಗ ಬೇರೆ ಕಡ್ಡಿಗಳಲ್ಲಿ ಒಂದು ಚೌಕ, ಒಂದು ತ್ರಿಕೋನ ಕಟ್ಟಿಸಿ, ಮೂಲೆ ಹಿಡಿದು ಒತ್ತಿ ನೋಡಲು ಹೇಳಿ. ಚೌಕ ಜಾರಿ ಡೈಮಂಡ್ ಆಗುತ್ತದೆ. ತ್ರಿಕೋನ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹಾಗಾದರೆ ಚೌಕವನ್ನೇ ಎರಡು ತ್ರಿಕೋನ ಮಾಡೋಣ ಅಂತ ಓರೆ ಕಡ್ಡಿ ಕಟ್ಟಲು ಹೊರಟರೆ 10 ಸೆಂ.ಮೀ.ನದು ಮುಟ್ಟುವುದೇ ಇಲ್ಲ, 14ಕ್ಕಿಂತ ಚೂರು ಜಾಸ್ತಿ ಬೇಕು. ಯಾಕೆ ಅನ್ನುವುದಕ್ಕೆ ಪೈಥಾಗೊರಸ್ ಹೈಸ್ಕೂಲಲ್ಲಿ ಸಿಗುತ್ತಾನೆ, ಈಗ ಅವಸರವಿಲ್ಲ.

ಆರೂ ಚೌಕಕ್ಕೆ ಓರೆ ಕಡ್ಡಿ ಬಿದ್ದ ಮೇಲೆ ಬಣ್ಣದ ಕಾಗದ ಅಂಟಿಸಿ. ಕೆಳಗಿನ ಚೌಕ ಖಾಲಿ ಇರಲಿ, ಬಲ್ಬು ಅಲ್ಲಿಂದಲೇ ಒಳಗೆ ಹೋಗಬೇಕು. ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೇ ಬಲ್ಬಿನ ಬಿಸಿಗೆ ಕಾಗದ ಸುಟ್ಟೀತು.