ಪಿಸಿಸಿಗೋಸ್ಕರ ಊರಿಗೆ ಟಿಕೆಟ್ ಬುಕ್ ಮಾಡೋ ಮೊದ್ಲು

ಮುಂಬೈ ಹತ್ರದ ಡೊಂಬಿವಲಿಯ ನಮ್ ಆಫೀಸ್‌ಗೆ ವೀಸಾ ಪೇಪರ್ಸ್ ಹಿಡ್ಕೊಂಡು ಬರೋರಲ್ಲಿ ಮುಕ್ಕಾಲು ಪಾಲು ನಮ್ ಕಡೆಯವರೇ, ಹೋಟೆಲ್ ಕುಕ್ಕು, ನರ್ಸು, ಎಸಿ ಮೆಕ್ಯಾನಿಕ್ಕು. ಮೊನ್ನೆ ಒಬ್ಬ ಹುಡುಗ, ಕುವೈತ್‌ಗೆ ಹೊರಟೋನು, "ಸರ್ ಪಿಸಿಸಿ, ಅದೇ ನಮ್ಮ ಮೇಲೆ ಕೇಸ್ ಇಲ್ಲ ಅನ್ನೋ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಬೇಕಂತೆ, ನಾಳೆನೇ ಕಾರ್ಕಳಕ್ಕೆ ಹೋಗ್ತೀನಿ, ಅಲ್ಲಿ ಸ್ಟೇಷನ್‌ನಲ್ಲಿ ಮಾವನ ಪರಿಚಯದವ್ರು ಇದಾರೆ" ಅಂದ. ಕೂತ್ಕೊಳೋ ಮಾರಾಯ ಮೊದ್ಲು, ಅಂದೆ.

ಕೆಲಸದ ವೀಸಾಗೆ ಸಾಮಾನ್ಯವಾಗಿ ಕೇಳೋದು ಪಾಸ್‌ಪೋರ್ಟ್ ಆಫೀಸ್ ಕೊಡೋ ಪಿಸಿಸಿ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ಅರ್ಜಿ, 500 ರೂಪಾಯಿ ಫೀ, ಅಷ್ಟೇ. ಮಹಾರಾಷ್ಟ್ರ ಪೊಲೀಸ್ರೂ ಒಂದು ಕೊಡ್ತಾರೆ, ಅದು ಇಲ್ಲೇ ಕೆಲಸಕ್ಕೆ ಸೇರೋರಿಗೆ ಆಗುತ್ತೆ, ಅದನ್ನ ಹಿಡ್ಕೊಂಡು ವೀಸಾಗೆ ಹೋಗಿ ವಾಪಸ್ ಬಂದವರನ್ನ ನೋಡಿದೀನಿ. ಇನ್ನೊಂದು, ಪಿಸಿಸಿ ಮೇಲೆ ದೇಶದ ಹೆಸರು ಇರುತ್ತೆ, ಕೆನಡಾಗೆ ಅಂತ ತಗೊಂಡಿದ್ದು ಜರ್ಮನಿಗೆ ನಡಿಯಲ್ಲ.

ಜನ ಸಿಕ್ಕಿಹಾಕ್ಕೊಳೋದು ವಿಳಾಸದಲ್ಲಿ. ಪಾಸ್‌ಪೋರ್ಟ್‌ನಲ್ಲಿ ಊರಿನ ಮನೆ, ಆದ್ರೆ 7 ವರ್ಷದಿಂದ ವಾಸ ಇಲ್ಲಿ, ಊರಿನ ವಿಳಾಸ ಕೊಟ್ರೆ ಪೊಲೀಸ್ರು ಅಲ್ಲಿಗೆ ಹೋಗ್ತಾರೆ, ಅಜ್ಜಿ ಹೊರಗ್ ಬಂದು "ಅವ ಬೊಂಬಾಯಿಲಿದಾನೆ" ಅಂತಾರೆ, ರಿಪೋರ್ಟ್ ಅಲ್ಲಿಗೇ ಕೆಟ್ಟಿತು. ಅದಕ್ಕೇ ಈಗ ಇರೋ ವಿಳಾಸವನ್ನೇ ಕೊಡಿ. ಬಾಡಿಗೆಗಿದ್ರೆ ಲೀವ್ ಅಂಡ್ ಲೈಸೆನ್ಸ್, ಅಂದ್ರೆ ಇಲ್ಲಿಯ ಬಾಡಿಗೆ ಅಗ್ರಿಮೆಂಟ್, ರಿಜಿಸ್ಟರ್ ಆಗಿರ್ಲಿ, 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ ಪ್ರಕಾರ ಅದು ಕಡ್ಡಾಯ, ಓನರ್ ನೋಟರಿ ಮಾಡಿಸಿ ಕೈಗಿಟ್ಟ 11 ತಿಂಗಳ ಪೇಪರ್ ನಂಬ್ಕೋಬೇಡಿ. ಹೋಟೆಲ್ ಮೇಲಿನ ರೂಮ್‌ನಲ್ಲಿ ಮಲಗೋ ಹುಡುಗರದ್ದೇ ಪಾಡು, ಅಗ್ರಿಮೆಂಟೂ ಇಲ್ಲ, ಬಾಗಿಲ ಮೇಲೆ ಹೆಸರೂ ಇಲ್ಲ. ಅವ್ರಿಗೆ ಮೊದ್ಲು ಆಧಾರ್ ವಿಳಾಸ ಬದಲಾಯಿಸಿ ಅಂತೀನಿ, ಆಮೇಲೆ ವಾಚ್‌ಮನ್‌ಗೂ ಪಕ್ಕದ ರೂಮಿನವ್ರಿಗೂ ಹೇಳಿಡಿ ಅಂತ, ಯಾಕಂದ್ರೆ ಹವಾಲ್ದಾರ್ ಬರೋದು ನೀವು ದೋಸೆ ಹುಯ್ತಿರೋ ಹೊತ್ತಿಗೇ.

ಹೆಸರಿನ ಕಥೆ ಬೇರೆ. ನಮ್ಮವ್ರಿಗೆ ಸರ್‌ನೇಮ್ ಇರಲ್ಲ, ಇಲ್ಲಿ ಬ್ಯಾಂಕ್‌ನವನು ಅಪ್ಪನ ಹೆಸರು ಮಧ್ಯಕ್ಕೆ, ಊರಿನ ಹೆಸರು ಕೊನೆಗೆ ಸೇರಿಸಿರ್ತಾನೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಹೆಂಗಿದೆಯೋ ಉಳಿದ ದಾಖಲೆನೂ ಹಂಗೇ ಮಾಡಿಸ್ಕೊಂಡು ಆಮೇಲೆ ಅರ್ಜಿ ಹಾಕಿ.

ಮೊದ್ಲು ಬೇರೆ ದೇಶದಲ್ಲಿ ಇದ್ದವ್ರಿಗೆ ಇಲ್ಲಿಯ ಪಿಸಿಸಿ ಒಂದೇ ಸಾಕಾಗಲ್ಲ. ಕೆನಡಾದವ್ರು ಕಳೆದ 10 ವರ್ಷದಲ್ಲಿ ಸತತ 6 ತಿಂಗಳು ಇದ್ದ ದೇಶದ್ದೂ ಕೇಳ್ತಾರೆ, ಆಸ್ಟ್ರೇಲಿಯಾದವ್ರು ಒಟ್ಟು 12 ತಿಂಗಳು ಲೆಕ್ಕ ಹಾಕ್ತಾರೆ. ಗಲ್ಫ್ ಬಿಟ್ಟು ಬರೋವಾಗ್ಲೇ ಅಲ್ಲಿಯ ಪೊಲೀಸ್ ಸರ್ಟಿಫಿಕೇಟ್ ಮಾಡಿಸ್ಕೊಂಡು ಬನ್ನಿ, ಇಲ್ಲಿ ಕೂತು ಬೆರಳಚ್ಚು ಕೊಟ್ಟು ತರಿಸೋದು ದೊಡ್ಡ ತಲೆನೋವು.

ಆಮೇಲೆ ಹಳೇ ಕೇಸು. "ಯಾವಾಗ್ಲೋ ಕಾಂಪ್ರಮೈಸ್ ಆಯ್ತು ಸರ್" ಅಂತಾರೆ, ಕೋರ್ಟಿನ ಆರ್ಡರ್ ಎಲ್ಲಿ ಅಂದ್ರೆ ವಕೀಲ್ರ ಹತ್ರ, ವಕೀಲ್ರು ಎಲ್ಲಿ ಅಂದ್ರೆ ತೀರ್ಕೊಂಡ್ರು. ಫಾರ್ಮ್‌ನಲ್ಲಿ ಮುಚ್ಚಿಟ್ರೆ ಕೇಸಿಗಿಂತ ಸುಳ್ಳೇ ದೊಡ್ಡದಾಗುತ್ತೆ. ಖುಲಾಸೆ ಆಗಿರ್ಲಿ, ರಾಜಿ ಆಗಿರ್ಲಿ, ಆ ಆರ್ಡರಿನ ಸರ್ಟಿಫೈಡ್ ಕಾಪಿ ಕೈಲಿರ್ಬೇಕು.

ಆ ಕುವೈತ್ ಹುಡುಗನಿಗೂ ಕೇಳ್ದೆ, ಕೇಸ್ ಗೀಸ್ ಏನಾದ್ರೂ ಇದ್ಯಾ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ ಕಾಲೇಜಲ್ಲಿದ್ದಾಗಿನ ಒಂದು ಹೊಡೆದಾಟ ಹೇಳ್ದ. ಹಂಗಾದ್ರೆ ಊರಿಗೆ ಟಿಕೆಟ್ ಬುಕ್ ಮಾಡಪ್ಪ, ಆದ್ರೆ ಸ್ಟೇಷನ್‌ಗಲ್ಲ, ಆರ್ಡರಿನ ನಕಲು ಕೊಡೋ ಕೋರ್ಟಿನ ಕಾಪಿಯಿಂಗ್ ಸೆಕ್ಷನ್‌ಗೆ ಹೋಗು, ಅಂದೆ.