ತಮ್ಮದೇ ಹುಲ್ಲುಗಾವಲಲ್ಲಿ ಕಜಾಕರು ಕಡಿಮೆಯಾದದ್ದು ಹೇಗೆ?

1959ರ ಸೋವಿಯತ್ ಜನಗಣತಿ ನಡೆದಾಗ ಕಜಕಸ್ತಾನದಲ್ಲಿ ಕಜಾಕರು ಇದ್ದದ್ದು ಸುಮಾರು ಶೇ 30 ಮಾತ್ರ. ರಷ್ಯನ್ನರು ಅವರಿಗಿಂತ ಜಾಸ್ತಿ ಇದ್ದರು. ತಮ್ಮ ಹೆಸರೇ ಇರುವ ನಾಡಿನಲ್ಲಿ ಹೀಗಾಯಿತಲ್ಲ, ಯಾಕೆ? ಅದು ತಿಳಿಯಬೇಕಾದರೆ ಮೊದಲು ಅಲ್ಲಿನ ಹುಲ್ಲಿನ ಕಥೆ ತಿಳಿಯಬೇಕು.

ಮಹಾಸಾಗರಕ್ಕೆ ದಾರಿಯಿಲ್ಲದ ದೇಶಗಳಲ್ಲಿ ಕಜಕಸ್ತಾನವೇ ದೊಡ್ಡದು, ಸುಮಾರು 27 ಲಕ್ಷ ಚದರ ಕಿಲೋಮೀಟರ್. ಬಹುಪಾಲು ಬಯಲು. ಮಳೆ ಕಡಿಮೆ, ಚಳಿ ವಿಪರೀತ. ಒಂದೇ ಕಡೆ ಕೂತರೆ ಕುರಿ, ಕುದುರೆಗಳಿಗೆ ಮೇವು ಸಾಲದು. ಅದಕ್ಕೇ ಚಳಿಗಾಲಕ್ಕೆ ಒಂದು ನೆಲೆ, ಅದು ‘ಕಿಸ್ತೌ’. ಬೇಸಿಗೆಗೆ ಇನ್ನೊಂದು, ‘ಜೈಲೌ’. ನಡುವೆ ಕೆಲವೊಮ್ಮೆ ನೂರಾರು ಕಿಲೋಮೀಟರ್ ದಾರಿ. ಇದನ್ನು ಸುಮ್ನೆ ಅಲೆದಾಟ ಅಂದುಕೊಳ್ಳಬಾರದು. ಯಾವ ಹುಲ್ಲು ಯಾವಾಗ ಬೆಳೆಯುತ್ತದೆ, ನೀರು ಎಲ್ಲಿ ಸಿಗುತ್ತದೆ ಎಂಬ ತಲೆಮಾರುಗಳ ಲೆಕ್ಕ ಅದರಲ್ಲಿತ್ತು.

ತುರ್ಕರು ಬಂದರು, ಮಂಗೋಲರು ಬಂದರು. 1219ರಲ್ಲಿ ಚೆಂಗಿಸ್ ಖಾನನ ಸೇನೆ ಒತ್ರಾರ್ ಪಟ್ಟಣಕ್ಕೆ ಮುತ್ತಿಗೆ ಹಾಕಿ, ಕೊನೆಗೆ ಅದನ್ನು ಹಾಳುಮಾಡಿತು. ಆದರೆ ಆ ದೊರೆಗಳೂ ಕುದುರೆ ಮೇಲೆ ಬೆಳೆದವರೇ. ಕಪ್ಪ ಕೇಳಿದರು, ಯುದ್ಧಕ್ಕೆ ಜನ ಕೇಳಿದರು, ಮಂದೆಯ ದಾರಿಗೆ ಬೇಲಿ ಹಾಕಲಿಲ್ಲ. 15ನೇ ಶತಮಾನದಲ್ಲಿ ಕೆರೆಯ್ ಮತ್ತು ಜಾನಿಬೆಕ್ ಕಟ್ಟಿದ ಕಜಾಕ್ ಖಾನೇಟ್ (ಖಾನರ ರಾಜ್ಯ) ಕೂಡ ಇದೇ ಬದುಕಿನ ಮೇಲೆ ನಿಂತಿತ್ತು.

1723ರಲ್ಲಿ ಪೂರ್ವದಿಂದ ಜುಂಗಾರರು ಎಂಬ ಪಶ್ಚಿಮ ಮಂಗೋಲರು ಮೇಲೆ ಬಿದ್ದರು. ಜನ ಎದ್ದುಬಿದ್ದು ಓಡಿದರು. 1730ರಲ್ಲಿ ಕಜಾಕ್ ದೊರೆ ಅಬುಲ್‌ಖೈರ್ ಖಾನ್ ರಷ್ಯಾದ ಆಸರೆ ಬೇಡಿದ. ಆಸರೆಯ ಹಿಂದೆಯೇ ಕೋಟೆಗಳು ಬಂದವು, ಆಮೇಲೆ ನೇಗಿಲು ಬಂತು. 1916ಕ್ಕೆ ಹಿಂದಿನ ಎರಡು ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ರೈತರು ಬಂದು ನೆಲೆಸಿದರು. ನೀರಿದ್ದ ಒಳ್ಳೆಯ ನೆಲವೇ ಹೋಯಿತು.

ಅತಿ ದೊಡ್ಡ ಪೆಟ್ಟು ಬಿದ್ದದ್ದು ಸ್ಟಾಲಿನ್ ಕಾಲದಲ್ಲಿ. ಅಲೆಮಾರಿಗಳನ್ನು ಒಂದೇ ಕಡೆ ನೆಲೆಗೊಳಿಸಬೇಕು, ಸಾಕುಪ್ರಾಣಿಗಳೆಲ್ಲ ಸಾಮೂಹಿಕ ಜಮೀನಿಗೆ ಸೇರಬೇಕು ಎಂದು ಸರ್ಕಾರ ಹಟ ಹಿಡಿಯಿತು. ಜೊತೆಗೆ ಮಾಂಸ, ಧಾನ್ಯ ಇಷ್ಟು ಕೊಡಲೇಬೇಕು ಎಂಬ ಒತ್ತಾಯ. ಆಗ ಅಲ್ಲಿ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಫಿಲಿಪ್ ಗೊಲೊಶ್ಚೊಕಿನ್. ಒಂದೆಡೆ ಕೂಡಿಹಾಕಿದ ಮಂದೆಗೆ ಮೇವಿಲ್ಲ, ಕೊಟ್ಟಿಗೆಯಿಲ್ಲ. ಕೆಲವೇ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ರಾಣಿಗಳು ಇಲ್ಲವಾದವು. ಹಾಲು, ಮಾಂಸವೇ ಊಟವಾಗಿದ್ದ ಜನಕ್ಕೆ ಇನ್ನೇನು ಉಳಿಯಿತು? 1930ರಿಂದ 1933ರ ನಡುವೆ ಸುಮಾರು 15 ಲಕ್ಷ ಜನ ಸತ್ತರು. ಅವರಲ್ಲಿ ಕಜಾಕರೇ ಸುಮಾರು 13 ಲಕ್ಷ, ಅಂದರೆ ಆ ಜನಾಂಗದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಲಕ್ಷಾಂತರ ಮಂದಿ ಚೀನಾಕ್ಕೂ ಅಕ್ಕಪಕ್ಕದ ನಾಡುಗಳಿಗೂ ಓಡಿಹೋದರು. ಇದನ್ನು ಬರ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸು ಒಪ್ಪುವುದಿಲ್ಲ. ಹುಲ್ಲುಗಾವಲು ಬರಗಾಲವನ್ನು ಮೊದಲೂ ಕಂಡಿತ್ತು. ಹಿಂದೆಲ್ಲ ಮೇವು ಇರುವ ಕಡೆ ಹೋಗಬಹುದಿತ್ತು. ಈ ಸಲ ಹೋಗಲು ಬಿಡಲಿಲ್ಲ.

ಖಾಲಿಯಾದ ನೆಲಕ್ಕೆ ಬೇರೆಯವರನ್ನು ತಂದು ಹಾಕಿದರು. 1937ರಲ್ಲಿ ಕೊರಿಯನ್ನರು, 1941ರಲ್ಲಿ ವೋಲ್ಗಾ ಜರ್ಮನ್ನರು, 1944ರಲ್ಲಿ ಚೆಚೆನ್ನರು. ಅವರೂ ಮನೆಮಠ ಕಳೆದುಕೊಂಡವರೇ ಅಲ್ವಾ? 1954ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಬೀಳು ಭೂಮಿ ಉಳುವ ಯೋಜನೆ ಶುರುಮಾಡಿದರು. ಲಕ್ಷಾಂತರ ಹೊಸಬರು ಬಂದರು. 1959ರ ಜನಗಣತಿಯಲ್ಲಿ ಕಂಡದ್ದು ಇದೆಲ್ಲದರ ಫಲ.

1991ರ ಡಿಸೆಂಬರ್ 16ರಂದು ದೇಶ ಸ್ವತಂತ್ರವಾಯಿತು. ಅನೇಕ ರಷ್ಯನ್ನರು, ಜರ್ಮನ್ನರು ಹೊರಟುಹೋದರು. ಚೀನಾ, ಮಂಗೋಲಿಯಾ, ಉಜ್ಬೆಕಿಸ್ತಾನಗಳಿಂದ ಕಜಾಕರು ವಾಪಸು ಬಂದರು. 2021ರ ಜನಗಣತಿಯಲ್ಲಿ ಅವರು ಸುಮಾರು ಶೇ 70. ಸೋವಿಯತ್ ಕಾಲದಲ್ಲಿ ಬಾಯಿಬಿಟ್ಟು ಹೇಳಲಾಗದಿದ್ದ ಆ ಹಸಿವಿನ ವರ್ಷಗಳಲ್ಲಿ ಸತ್ತವರನ್ನು ಈಗ ಪ್ರತಿ ಮೇ 31ರಂದು ದೇಶವೇ ನೆನೆಯುತ್ತದೆ.